ಮೂರನೆಯ ಬಣ್ಣ

ಮುಂಜಾನೆ ಆರು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಅಪ್ಪ ದಿನವೂ ಆ ಹೊತ್ತಿಗೆ ಪಡಸಾಲೆಯ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಕೀಲಿ ತಿರುಗುವ ಕರಕರ ಸದ್ದಿನ ನಡುವೆ ಬಚ್ಚಲಿನಿಂದ ವೈನಿಯ ಕೂಗು ಬಂತು. ಅಪ್ಪನ ಕೈ ಅಲ್ಲೇ ನಿಂತಿತು. ಆ ದಿನ ಗಡಿಯಾರಕ್ಕೆ ಅರ್ಧ ಕೀಲಿಯಷ್ಟೇ ಸಿಕ್ಕಿತು. ಮರುದಿನ ಮಧ್ಯಾಹ್ನ ಅದು ನಿಂತಿದ್ದನ್ನು ನಾವು ಯಾರೂ ಗಮನಿಸಲಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ರಾಮದುರ್ಗದ ಹತ್ತಿರದ ಹಳ್ಳಿಯವಳು. ನಮ್ಮ ಬೈಲಹೊಂಗಲದ ಮನೆಗೆ ಬಂದು ಎರಡು ವರ್ಷವಾಗಿತ್ತು, ಐದು ತಿಂಗಳ ಬಸುರಿ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ಅದು. ನಮ್ಮ ಮನೆ ಅರಳೆ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ಹತ್ತಿಕಟ್ಟಿಗೆ ಉರಿಸಿ ಬಚ್ಚಲ ಒಲೆಯ ಮೇಲಿನ ಹಂಡೆಯಲ್ಲಿ ನೀರು ಕಾಸುವುದು ಸೊಸೆಯ ಮೊದಲ ಕೆಲಸ. ಒಲೆ ಹೊತ್ತಿಸುವ ಮುಂಚೆ ಹಿಂದಿನ ದಿನದ ಬೂದಿ ಎಳೆಯಬೇಕು. ಆ ಬೂದಿಯೊಳಗೆ ಬೆಳಗಿನವರೆಗೂ ಒಂದಿಷ್ಟು ಬಿಸಿ ಉಳಿದಿರುತ್ತದೆ. ಚಳಿಗಾಲದಲ್ಲಿ ಬೆಕ್ಕುಗಳು ಅದನ್ನೇ ಹುಡುಕಿಕೊಂಡು ಬರುತ್ತವೆ. ಸಾಮಾನ್ಯವಾಗಿ ಬಳೆ ಸದ್ದಿಗೇ ಎದ್ದು ಓಡಿಬಿಡುತ್ತವೆ.

ಇದು ಓಡಲಿಲ್ಲ. ವೈನಿ ಒಲೆಯ ಬಾಯಿಗೆ ಕೈ ಹಾಕಿದ್ದಳು. ಅದು ಹೆಬ್ಬೆರಳಿನ ಬುಡವನ್ನು ಕಚ್ಚಿ ಹಿಡಿದುಕೊಂಡೇ ಹೊರಗೆ ಬಂತು. ಅವಳು ಕೈ ಜಾಡಿಸಿದಳು, ಹಂಡೆಗೆ ಬಡಿದಳು, ಅದು ಬಿಡಲಿಲ್ಲ. ಕೊನೆಗೆ ತಾನಾಗಿಯೇ ಬಾಯಿ ಸಡಿಲಿಸಿ ಹಿತ್ತಲ ಬಾಗಿಲಿನಿಂದ ನಡೆದುಕೊಂಡು ಹೋಯಿತು. ನಾನು ಓಡಿ ಬರುವಷ್ಟರಲ್ಲಿ ಅಲ್ಲಿ ಬೆಕ್ಕು ಇರಲಿಲ್ಲ. ವೈನಿ ಗೋಡೆಗೆ ಒರಗಿ ಕುಳಿತಿದ್ದಳು. ಕಚ್ಚಿದ ಕೈಯನ್ನು ಮೇಲೆತ್ತಿ, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು.

ನಾನು ಸಾಬೂನು ಹಚ್ಚಿ ನೀರು ಸುರಿಯತೊಡಗಿದೆ. ಅವ್ವ ಒಂದು ಮುಷ್ಟಿ ಖಾರದ ಪುಡಿ ತಂದಳು.

"ಅದನ್ನ ಹಚ್ಚಬ್ಯಾಡ ಬೇ."

"ನಿಮ್ಮ ಕಾಲೇಜಿನ್ಯಾಗ ಖಾರಾನೂ ಬ್ಯಾಡ ಅಂತ ಕಲಿಸ್ಯಾರೇನು?"

ಖಾರ ಬಿತ್ತು. ವೈನಿ ಆಗ ಕೂಗಲಿಲ್ಲ, ತುಟಿ ಕಚ್ಚಿಕೊಂಡಳು. ಎಂಥ ಬೆಕ್ಕು ಎಂದು ಅಪ್ಪ ಬಾಗಿಲ ಆಚೆಯಿಂದಲೇ ಕೇಳಿದ. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು: "ಕೆಂಪು, ಬಿಳಿ, ಕಪ್ಪು. ಮೂರೂ ಬಣ್ಣ ಇದ್ದುವ್ರಿ ಮಾವಾರ."

ಅಷ್ಟು ಸಾಕಾಯಿತು. ನಮ್ಮ ಓಣಿಯಲ್ಲಿ ಮೂರು ಬಣ್ಣದ ಬೆಕ್ಕು ಒಂದೇ ಇತ್ತು. ಎದುರು ಮನೆಯ ಚಾಚಿ ಹಾಲು ಹಾಕುತ್ತಿದ್ದ ಬೆಕ್ಕು ಅದು. ಚಾಚಿಯ ಗಂಡ ಲಾರಿ ಓಡಿಸುತ್ತಿದ್ದರು. ತಿಂಗಳಲ್ಲಿ ಹೆಚ್ಚು ದಿನ ಮನೆಯಲ್ಲಿ ಚಾಚಿ ಮತ್ತು ಆ ಬೆಕ್ಕು, ಇಬ್ಬರೇ. ಬೆಕ್ಕು ಏಳು ಮನೆ ತಿರುಗಿಸಿ ಮರಿ ಬೆಳೆಸುತ್ತದೆ ಎನ್ನುತ್ತಾರಲ್ಲ, ಇದು ಅಷ್ಟನ್ನೂ ಪಾಲಿಸಿ ಓಣಿಯ ತುಂಬ ಮಕ್ಕಳನ್ನು ಹಂಚಿತ್ತು. ಅಣ್ಣ ಅದನ್ನು ಗೋಣಿಚೀಲ ಹಾಕಿ ಹಿಡಿದು ತಂದ. ನಮ್ಮ ಹಿತ್ತಲಲ್ಲಿ ದೊಡ್ಡ ಬುಟ್ಟಿ ಬೋರಲು ಹಾಕಿ, ಮೇಲೆ ಒಳಕಲ್ಲಿನ ಗುಂಡು ಇಟ್ಟು, ಒಳಗೆ ಕೂಡಿಹಾಕಿದರು.

"ಆಕಿ ಬಂಗಾರದಂಥಾಕಿ ಅದಾಳ್ರೀ," ಎಂದು ಚಾಚಿ ನಮ್ಮ ಅಂಗಳದಲ್ಲಿ ನಿಂತು ಅತ್ತರು. "ಯಾರನ್ನೂ ಪರಚಿದಾಕಿ ಅಲ್ಲ. ಜೇಲಿಗೆ ಹಾಕಿದ್ರಲ್ರೀ!"

ದವಾಖಾನೆಯಲ್ಲಿ ಆಗ ಸಿಗುತ್ತಿದ್ದದ್ದು ಹೊಟ್ಟೆಯ ಸೂಜಿ. ಹೊಕ್ಕಳ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು. ವೈನಿಯ ಹೊಟ್ಟೆ ನೋಡಿ ಡಾಕ್ಟರೇ ಹಿಂಜರಿದರು. "ಬೆಕ್ಕು ಸಿಕ್ಕೈತಲ್ಲ? ಹತ್ತು ದಿನ ಕಾಯ್ರಿ. ಹುಚ್ಚು ಇದ್ರ ಅಷ್ಟರಾಗ ಸಾಯತೈತಿ. ಬದುಕಿದ್ರ ಯಾವ ಸೂಜೀನೂ ಬ್ಯಾಡ." ಅದು ಸರಿಯಾದ ಮಾತು. ಕಚ್ಚಿದ ಬೆಕ್ಕು ಬುಟ್ಟಿಯಲ್ಲಿದ್ದಿದ್ದರೆ ಅಷ್ಟೇ ಸಾಕಿತ್ತು.

ಹೀಗೆ ಮನೆಯ ಜೀವವೆಲ್ಲ ಆ ಬುಟ್ಟಿಯ ಕೆಳಗೆ ಸೇರಿಕೊಂಡಿತು. ಅವ್ವ ಎದ್ದ ಕೂಡಲೇ ಸಂದಿಯಲ್ಲಿ ಇಣುಕಿ ನೋಡುತ್ತಿದ್ದಳು. ಬೆಕ್ಕು ಹಾಲು ಕುಡಿಯಿತು, ಮೈ ನೆಕ್ಕಿಕೊಂಡಿತು, ಚಾಚಿಯ ದನಿ ಕೇಳಿದಾಗಲೆಲ್ಲ ಕೂಗಿತು. ನಾಲ್ಕನೆಯ ದಿನ ಅವ್ವನ ಮುಖದಲ್ಲಿ ನಗು ಬಂದಿತ್ತು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಉಡಿ ತುಂಬುತ್ತೇನೆಂದು ಹರಕೆ ಹೊತ್ತಳು.

ಆ ದಿನ ಮಧ್ಯಾಹ್ನ ನಾನು ವೈನಿಯ ಕೈಯ ಪಟ್ಟಿ ಬದಲಿಸುತ್ತಿದ್ದೆ. ಅಡುಗೆಮನೆಯಲ್ಲಿ ನಾವಿಬ್ಬರೇ. ಹಿತ್ತಲಿನಿಂದ ಬೆಕ್ಕಿನ ಕೂಗು ಬಂತು. ವೈನಿ ತಲೆ ತಗ್ಗಿಸಿಕೊಂಡೇ ಹೇಳಿದಳು.

"ತಂಗೆವ್ವಾ, ಒಂದು ಮಾತು. ನಗಬ್ಯಾಡ."

"ಹೇಳ್ರಿ ವೈನಿ."

"ಅದು ಗಂಡಿತ್ತು."

"ಯಾವುದು?"

"ನನ್ನ ಕಡದದ್ದು. ಬಾಗಲದಾಗ ಹಿಂದಿನಿಂದ ನೋಡೀನಿ. ಬಾಲ ಮ್ಯಾಲೆ ಎತ್ತಿತ್ತು, ಸಾವಕಾಶ ನಡದು ಹೋತು. ನಮ್ಮ ತವರಮನ್ಯಾಗ ಆಡು ಸಾಕತಾರ. ನನಗ ತಿಳಿಯೂದಿಲ್ಲೇನು?"

"ಮೊದಲ ಯಾಕ ಹೇಳಲಿಲ್ರಿ?"

ನಾನೇ ಹುಚ್ಚಿ ಎನ್ನುವಂತೆ ಅವಳು ನನ್ನನ್ನು ನೋಡಿದಳು. "ಮಾವಾರ ಮುಂದ ಏನಂತ ಹೇಳ್ಲಿ?"

ನಮ್ಮ ಮನೆಯಲ್ಲಿ ಸೊಸೆ ಮಾವನೆದುರು ಕೂರುತ್ತಿರಲಿಲ್ಲ, ಗಂಡನ ಹೆಸರು ಹೇಳುತ್ತಿರಲಿಲ್ಲ, ನಗುವಾಗ ಸೆರಗು ಬಾಯಿಗೆ ಬರುತ್ತಿತ್ತು. ಬೆಕ್ಕಿನ ಬಾಲದ ಕೆಳಗೆ ಏನಿತ್ತು ಎಂದು ಹೇಳುವ ದಾರಿ ಅವಳಿಗಿರಲಿಲ್ಲ. ಮೂರು ಬಣ್ಣ ಎಂದು ಹೇಳುವ ದಾರಿ ಇತ್ತು. ಹೇಳಬಹುದಾದದ್ದನ್ನು ಹೇಳಿದ್ದಳು.

ಪ್ರಾಣಿಶಾಸ್ತ್ರದಲ್ಲಿ ಪದವಿ ಮುಗಿಸಿ ಎರಡು ವರ್ಷವಾಗಿತ್ತು. ಓದಿದ್ದರಲ್ಲಿ ಬಹಳಷ್ಟು ಮರೆತಿದ್ದೆ, ಆದರೆ ಬೆಕ್ಕಿನ ಪಾಠ ಮರೆತಿರಲಿಲ್ಲ. ನಮಗೆ ಅನುವಂಶೀಯತೆ ಕಲಿಸಿದ ಮೇಡಂ ಅದನ್ನು ಕೌದಿ ಇಟ್ಟುಕೊಂಡು ವಿವರಿಸಿದ್ದರು. ಬೆಕ್ಕಿನ ಕೆಂಪು ಬಣ್ಣದ ಗುಣ ಎಕ್ಸ್ ವರ್ಣತಂತುವಿನ ಮೇಲೆ ಕೂತಿರುತ್ತದೆ. ಗಂಡು ಬೆಕ್ಕಿಗೆ ಎಕ್ಸ್ ಒಂದೇ. ಆ ಒಂದರಲ್ಲಿ ಕೆಂಪು ಇದ್ದರೆ ಬಣ್ಣ ಬಂದ ಕಡೆಯೆಲ್ಲ ಕೆಂಪು, ಇಲ್ಲದಿದ್ದರೆ ಕಪ್ಪು. ಎರಡೂ ಸೇರಿ ಬರುವುದಿಲ್ಲ. ಹೆಣ್ಣಿಗೆ ಎರಡು ಎಕ್ಸ್: ಒಂದು ತಾಯಿಯದು, ಒಂದು ತಂದೆಯದು. ಮರಿ ಇನ್ನೂ ಹೊಟ್ಟೆಯಲ್ಲಿ ಚುಕ್ಕೆಯಷ್ಟಿರುವಾಗಲೇ ಒಂದೊಂದು ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮಲಗಿಸಿಬಿಡುತ್ತದೆ. ಯಾವುದನ್ನು ಎಂದು ಹೇಳುವವರಿಲ್ಲ. ಆ ಕೋಶದಿಂದ ಹುಟ್ಟುವವೆಲ್ಲ ಅದೇ ತೀರ್ಮಾನ ಹಿಡಿದು ಬೆಳೆಯುತ್ತವೆ. ಹಾಗಾಗಿ ಇಲ್ಲೊಂದು ಕೆಂಪು ತುಂಡು, ಅಲ್ಲೊಂದು ಕಪ್ಪು ತುಂಡು. ಹಳೆ ಸೀರೆಗಳ ಕೌದಿ. ಅಂಥ ಕೌದಿ ಹೊದ್ದ ಬೆಕ್ಕು ಹೆಣ್ಣೇ ಆಗಿರುತ್ತದೆ. ಒಂದು ಎಕ್ಸ್ ಹೆಚ್ಚಿಗೆ ಪಡೆದು ಹುಟ್ಟುವ ಗಂಡು ಎಲ್ಲೋ ತೀರ ಅಪರೂಪಕ್ಕೆ ಒಂದು.

ಬಿಳಿಯ ಕತೆ ಬೇರೆ. ಬಣ್ಣದ ಕೋಶಗಳು ಬೆನ್ನುಹುರಿಯ ಕಡೆಯಿಂದ ಹೊರಟು ಹೊಟ್ಟೆಗೆ, ಪಾದಕ್ಕೆ ಇಳಿಯುತ್ತಾ ಹೋಗುತ್ತವೆ. ತಲುಪದೆ ಉಳಿದ ಜಾಗ ಬಿಳಿ. ಅದಕ್ಕೇ ಬಹಳ ಬೆಕ್ಕುಗಳ ಪಾದ ಬಿಳಿಯಾಗಿರುತ್ತದೆ.

ವೈನಿಯ ಎರಡು ಮಾತುಗಳಲ್ಲಿ ಒಂದು ತಪ್ಪಾಗಿತ್ತು. ಬೆಕ್ಕು ಗಂಡಾಗಿದ್ದರೆ ಮೂರು ಬಣ್ಣ ಇರಲಾರದು. ಮೂರು ಬಣ್ಣ ಇದ್ದಿದ್ದರೆ ಅದು ಗಂಡಾಗಿರಲಾರದು. ಬುಟ್ಟಿಯೊಳಗಿನದು ಹಲವು ಸಲ ಹಡೆದ ತಾಯಿ, ಅದರಲ್ಲಿ ಸಂಶಯವೇ ಇರಲಿಲ್ಲ. ಹಾಗಾದರೆ ಅವಳು ಕಂಡ ಕಪ್ಪು ಯಾವುದು?

"ಅವತ್ತಿನ ಕುಪ್ಪಸ ಎಲ್ಲೈತ್ರಿ ವೈನಿ?"

ರಕ್ತ ಹತ್ತಿದ ಬಟ್ಟೆಯನ್ನು ಅಗಸರಿಗೆ ಹಾಕಲು ನಾಚಿ ಟ್ರಂಕಿನ ಹಿಂದೆ ತುರುಕಿದ್ದಳು. ತಿಳಿಹಳದಿ ಕುಪ್ಪಸ. ತೋಳಿನ ಮೇಲೆ ರಕ್ತ ಒಣಗಿ ಕಂದಾಗಿತ್ತು. ಅದರ ಪಕ್ಕದಲ್ಲಿ, ಬೆಕ್ಕು ಜೋತುಬಿದ್ದು ಒದ್ದಾಡಿದ ಕಡೆ, ಅಂಗೈ ಅಗಲದ ಕಪ್ಪು. ನಾನು ಬೆರಳಿನಿಂದ ಉಜ್ಜಿದೆ. ಬೆರಳು ಕಪ್ಪಾಯಿತು. ಮಸಿ. ಬಚ್ಚಲ ಒಲೆಯ ಮಸಿ.

ಬೆಕ್ಕಿಗೆ ಇದ್ದದ್ದು ಎರಡೇ ಬಣ್ಣ. ಮೂರನೆಯದನ್ನು ಕೊಟ್ಟದ್ದು ನಮ್ಮ ಒಲೆ.

ಒಲೆಯೊಳಗೆ ಮಲಗಿದ ಬೆಕ್ಕಿನ ಮೈಗೆ ಮಸಿ ಹತ್ತುತ್ತದೆ ಎನ್ನುವುದು ನಮ್ಮ ಕಡೆ ಕೂಸಿಗೂ ಗೊತ್ತು. ಬೇರೆ ಯಾವ ದಿನವಾದರೂ ನಾವು ಅದನ್ನು ನೋಡಿ ನಗುತ್ತಿದ್ದೆವು. ಆ ದಿನ ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಆದರೆ ಓಣಿಯಲ್ಲಿ ಕೆಂಪು ಗಂಡು ಬೆಕ್ಕನ್ನು ಕಂಡವರಿರಲಿಲ್ಲ. ಇದನ್ನು ಹೇಳಿದರೆ ಅಪ್ಪ ಕೇಳುವ ಮೊದಲ ಪ್ರಶ್ನೆ ಅದೇ ಎಂದು ನನಗೆ ಗೊತ್ತಿತ್ತು. ಚಾಚಿಯ ಮನೆಗೆ ಓಡಿದೆ. ಬುಟ್ಟಿಯ ಬೆಕ್ಕಿನ ಮರಿಗಳಲ್ಲಿ ಒಂದು ಅಲ್ಲೇ ಉಳಿದಿತ್ತು. ಬಿಸಿಲಿನಲ್ಲಿ ಮಲಗಿದ್ದ ಅಪ್ಪಟ ಕೆಂಪು ಮರಿ, ಎಲ್ಲೂ ಒಂದು ಕಪ್ಪು ಕೂದಲಿಲ್ಲ. ಎತ್ತಿಕೊಂಡು ಬಾಲ ಸರಿಸಿ ನೋಡಿದೆ.

"ಯಾ ಅಲ್ಲಾ, ಡಿಗ್ರಿ ಮುಗಿಸಿ ಇದೇನ ನೌಕರಿ ಹಿಡದಿ ಬೇಟಿ?" ಎಂದರು ಚಾಚಿ.

"ಇದು ಹೆಣ್ಣು ಹೌದಲ್ರಿ ಚಾಚಿ?"

"ಹೆಣ್ಣ. ಯಾಕ, ವರಾ ನೋಡಾಕತ್ತೀಯೇನು?"

ನನಗೆ ನಗು ಬರಲಿಲ್ಲ. ಹೆಣ್ಣು ಪೂರ್ತಿ ಕೆಂಪಾಗಬೇಕಾದರೆ ಅದರ ಎರಡೂ ಎಕ್ಸ್ ಕೆಂಪಿನವಾಗಿರಬೇಕು. ಒಂದನ್ನು ತಾಯಿ ಕೊಡಬಲ್ಲಳು, ಇನ್ನೊಂದು ತಂದೆಯಿಂದಲೇ ಬರಬೇಕು. ತಂದೆ ಕೆಂಪು ಬೆಕ್ಕು. ಯಾರ ಕಣ್ಣಿಗೂ ಬೀಳದೆ ಅದು ಈ ಓಣಿಗೆ ಬಂದು ಹೋಗುತ್ತಿತ್ತು, ಮಗಳನ್ನು ಇಲ್ಲೇ ಬಿಟ್ಟಿತ್ತು. ನಾನು ಆ ಮರಿಯನ್ನು ಹಿಡಿದುಕೊಂಡು ಒಂದು ಗಳಿಗೆ ಚಾಚಿಯ ಹೊಸ್ತಿಲ ಮೇಲೆ ಕುಳಿತೆ. ಅದು ನನ್ನ ಬೆರಳು ನೆಕ್ಕಲು ಬಂದಾಗ ಕೈ ಎಳೆದುಕೊಂಡೆ.

ಸಂಜೆ ಪಡಸಾಲೆಯಲ್ಲಿ ಎಲ್ಲ ಹೇಳಿದೆ. ವೈನಿ ಹೇಳಿದ್ದನ್ನು ಅವಳ ಹೆಸರಿಗೆ ಹಚ್ಚದೆ, "ಅದು ಗಂಡಿರಬೇಕು" ಎಂದಷ್ಟೇ ಹೇಳಿ, ಮಸಿ ತೋರಿಸಿ, ಕೌದಿಯ ಉದಾಹರಣೆ ಕೊಟ್ಟೆ. ಈಗ ಯೋಚಿಸಿದರೆ ಅದು ಎಷ್ಟು ಬಡಕಲು ವಾದವಾಗಿ ಕೇಳಿಸಿರಬೇಕು!

"ಬೆಕ್ಕಿನ ಕುಂಡಲಿ ಬರದಾಳ ನೋಡು ನಿನ್ನ ಮಗಳು," ಎಂದ ಅಪ್ಪ ಅವ್ವನಿಗೆ.

"ಬುಟ್ಟ್ಯಾಗಿನ ಬೆಕ್ಕು ಕಲ್ಲಿನಂಗ ಗಟ್ಟಿ ಐತಿ," ಎಂದಳು ಅವ್ವ. "ಬಸರೆಂಗಸಿಗೆ ಸೂಜಿ ಚುಚ್ಚಿಸಿ ಕೂಸಿಗೇನಾರ ಆದ್ರ? ಬಾಯಿ ಮುಚ್ಚು."

ಅಣ್ಣ ನೆಲ ನೋಡುತ್ತಿದ್ದ. "ಗಂಡಿರಬೇಕು ಅಂತೀ. ಯಾರ ನೋಡ್ಯಾರ?"

ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಬಳೆ ಸದ್ದಾಯಿತು.

"ನಾ ನೋಡೀನ್ರಿ."

ವೈನಿ ಹೊಸ್ತಿಲ ಈಚೆಗೆ ಬಂದಳು. ಸೆರಗು ತಲೆಯ ಮೇಲೆ ಇತ್ತು, ಆದರೆ ಅವಳು ನೋಡುತ್ತಿದ್ದದ್ದು ನೇರ ಅಪ್ಪನನ್ನು. "ಗಂಡು ಬೆಕ್ಕ ಇತ್ರಿ ಮಾವಾರ. ಅದರ ಬೀಜ ನೋಡೀನಿ. ಬುಟ್ಟ್ಯಾಗಿನದು ಅದಲ್ಲ. ನನಗ ಸಾಯೂದು ಬ್ಯಾಡ್ರಿ."

ಅವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಪ್ಪ ಗೂಟದ ಮೇಲಿನ ಟೊಪಗಿ ತೆಗೆದು ತಲೆಗೆ ಹಾಕಿಕೊಂಡ. ಮನೆಯೊಳಗೆ ಅವನು ಎಂದೂ ಟೊಪಗಿ ಹಾಕಿದವನಲ್ಲ.

"ಬೆಳಗಾವಿಗೆ ಮೊದಲನೇ ಬಸ್ ಎಷ್ಟಕ್ಕೈತಿ?" ಎಂದು ಅಣ್ಣನನ್ನು ಕೇಳಿದ.

ತೋಳಿಗೆ ಹಾಕುವ ಹೊಸ ಸೂಜಿ ಬೆಳಗಾವಿಯಲ್ಲಿ ಸಿಗುತ್ತದೆ, ಬಸುರಿಯರಿಗೂ ಕೊಡಬಹುದು ಎಂದು ದವಾಖಾನೆಯ ನರ್ಸ್ ಹೇಳಿದ್ದರು. ಮರುದಿನ ಅಣ್ಣ ವೈನಿಯನ್ನು ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಗಾಯ ನೋಡಿ, ತಡವಾಗಿದೆ ಎಂದರು. ತಡವಾಯಿತೆಂದು ಬಿಡುವುದು ಬೇಡ ಎಂದೂ ಹೇಳಿದರು. ಮುಂದಿನ ಸೂಜಿಗಳನ್ನು ಅಣ್ಣ ಬರ್ಫ ತುಂಬಿದ ಥರ್ಮಾಸಿನಲ್ಲಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದ. ಹತ್ತನೆಯ ದಿನ ಬುಟ್ಟಿ ಎತ್ತಿದಾಗ ಬೆಕ್ಕು ಬಾಣದಂತೆ ಚಾಚಿಯ ಮನೆಗೆ ಓಡಿತು. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬುಟ್ಟಿಯನ್ನು ತೊಳೆಯಲು ಒಯ್ದಳು.

ಕೆಂಪು ಬೆಕ್ಕು ಹುಚ್ಚಾಗಿತ್ತೋ ಇಲ್ಲವೋ ಎಂದು ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಸಂಕ್ರಾಂತಿಯ ನಂತರ. ಗಿರಣಿಯ ಕಾವಲುಗಾರನ ಎಮ್ಮೆ ಎರಡು ದಿನದಿಂದ ಒದರುತ್ತಿದೆ ಎಂದು ಕೇಳಿ ನಾನು ನೋಡಲು ಹೋದೆ. ಹೋಗಬಾರದಿತ್ತು. ಅದು ನೀರಿನ ಬಾನಿಯ ಮುಂದೆ ನಿಂತಿತ್ತು. ಬಾಯಿಯಿಂದ ಜೊಲ್ಲು ದಾರದಂತೆ ನೆಲದವರೆಗೂ ಇಳಿದಿತ್ತು. ಬಾಯಾರಿತ್ತು, ಅದು ಸ್ಪಷ್ಟ. ಮೂತಿಯನ್ನು ನೀರಿಗೆ ಹಾಕುತ್ತಿತ್ತು, ಗಂಟಲು ಎಳೆಯುತ್ತಿತ್ತು, ಒಂದು ಗುಟುಕೂ ಒಳಗೆ ಹೋಗುತ್ತಿರಲಿಲ್ಲ. ಮತ್ತೆ ಮೂತಿ ಎತ್ತಿ ಒದರುತ್ತಿತ್ತು. ಆ ಒದರಾಟ ಎಮ್ಮೆಯದಾಗಿರಲಿಲ್ಲ. ಹಿಂಗಾಲು ಕುಸಿದವು.

"ಹ್ವಾದ ತಿಂಗಳ ಚಳಿಯೊಳಗ ಒಂದು ಕೆಂಪು ಬೆಕ್ಕು ಬಂದು ಕೆಚ್ಚಲ ಕಡದಿತ್ರಿ," ಎಂದ ಕಾವಲುಗಾರ. "ಮೈಯೆಲ್ಲಾ ಮಸಿ. ಮರುದಿನ ಅರಳಿ ರಾಶಿ ಹಿಂದ ಸತ್ತು ಬಿದ್ದಿತ್ತು. ಬೆಕ್ಕಲ್ಲೇನು ಅಂತ ಒಗದ ಬಿಟ್ಟೆ."

ಎಮ್ಮೆ ಸಂಜೆಗೆ ಸತ್ತಿತು. ಮನೆಗೆ ಬಂದು ಹೇಳಿದೆ. ಅವ್ವ ಕೇಳಿಸಿಕೊಂಡು, ವೈನಿಗೆ ಹೇಳಬೇಡ ಎಂದಳು. ವೈನಿ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

ಸೂಜಿಗಳು ಮುಗಿದಿದ್ದವು. ಇನ್ನು ಮಾಡುವುದೇನೂ ಇರಲಿಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಹುಚ್ಚುರೋಗದ ವಿಷ ರಕ್ತದಲ್ಲಿ ಓಡುವುದಿಲ್ಲ. ಗಾಯದ ನರ ಹಿಡಿದು ಇರುವೆಯಂತೆ ಮೇಲೇರುತ್ತದೆ, ಬೆರಳಿನಿಂದ ತೋಳಿಗೆ, ತೋಳಿನಿಂದ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ. ವಾರಗಳಾಗಬಹುದು, ತಿಂಗಳುಗಳಾಗಬಹುದು. ಬೆಕ್ಕಿನ ಬಣ್ಣ ಬೆನ್ನಿನಿಂದ ಪಾದಕ್ಕೆ ಇಳಿಯುತ್ತದೆ ಎಂದು ಓದಿದ್ದೆನಲ್ಲ, ಇದು ಅದೇ ದಾರಿಯಲ್ಲಿ ತಿರುಗಿ ಹತ್ತುವ ನಡಿಗೆ. ವೈನಿ ರೊಟ್ಟಿ ಬಡಿಯುವಾಗ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಎಲ್ಲಿಯವರೆಗೆ ಬಂದಿರಬಹುದು? ಮೊಣಕೈ? ಭುಜ? ಸೂಜಿ ಮೊದಲು ತಲುಪಿತೋ, ಅದು ಮೊದಲೋ?

ಯಾರೂ ಬಾಯಿಬಿಟ್ಟು ಹೇಳಿಕೊಳ್ಳದಿದ್ದರೂ ಮನೆಯವರೆಲ್ಲ ಒಂದೇ ಕೆಲಸ ಹಿಡಿದಿದ್ದೆವು: ವೈನಿ ನೀರು ಕುಡಿಯುವುದನ್ನು ನೋಡುವುದು. ಅವ್ವ ಏನಾದರೊಂದು ನೆಪ ಮಾಡಿ ತಂಬಿಗೆ ಹಿಡಿದು ಬರುತ್ತಿದ್ದಳು. ಅಪ್ಪ ಊಟಕ್ಕೆ ಕುಳಿತಾಗ ತಟ್ಟೆಯಿಂದ ಕಣ್ಣೆತ್ತದೆ ಕಿವಿಗೊಟ್ಟು ಗುಟುಕಿನ ಸದ್ದು ಕೇಳುತ್ತಿದ್ದ. ಒಮ್ಮೆ ಅವಳಿಗೆ ನೀರು ನೆತ್ತಿಗೇರಿ ಕೆಮ್ಮು ಬಂತು. ಅಣ್ಣನ ಕೈಯಲ್ಲಿದ್ದ ಬಟ್ಟಲು ಬಿದ್ದು ಒಡೆಯಿತು.

ವೈನಿಗೆ ಎಲ್ಲ ಗೊತ್ತಿತ್ತು. ಒಂದು ದಿನ ತಂಬಿಗೆ ಎತ್ತಿ, ಗಟಗಟ ಕುಡಿದು, ಖಾಲಿ ತಂಬಿಗೆಯನ್ನು ಅವ್ವನ ಮುಂದೆ ಬೋರಲು ಹಾಕಿದಳು. "ಹನಿ ಉಳಿದಿಲ್ರಿ ಅತ್ತಿ. ನೋಡಿದ್ರೇನು? ಇನ್ನ ನೀವು ಉಣ್ರಿ." ನಕ್ಕಳು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮನೆಯಲ್ಲಿ ನಿದ್ದೆ ಎನ್ನುವುದು ಉಳಿದಿರಲಿಲ್ಲ. ಅವಳು ಮಗ್ಗುಲು ಬದಲಿಸಿದರೂ ನಾಲ್ಕು ಜನ ಎದ್ದು ಕೂರುತ್ತಿದ್ದೆವು.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳಲ್ಲಿ ಅವಳ ಅಪ್ಪ ಬಂದು ಕರೆದುಕೊಂಡು ಹೋದರು. ಅವಳು ಹೋದ ಮೇಲೆ ನೋಡುವುದಕ್ಕೂ ಏನೂ ಇಲ್ಲದಾಯಿತು. ಬೇಸಿಗೆಯಲ್ಲಿ ಹೆಣ್ಣು ಕೂಸು ಹುಟ್ಟಿತೆಂದು ಸುದ್ದಿ ಬಂತು. ತಾಯಿ ಹೇಗಿದ್ದಾಳೆ ಎಂದು ಅವ್ವ ಕೇಳಿದಳು. ಸುದ್ದಿ ತಂದವನು ಕೂಸಿನ ಬಣ್ಣವನ್ನೇ ವರ್ಣಿಸುತ್ತಿದ್ದ.

ತೊಟ್ಟಿಲಿಗೆ ಹಾಕುವ ದಿನ ನಾವೆಲ್ಲ ಹೋದೆವು. ಬಸ್ಸು ಸವದತ್ತಿ ದಾಟಿ ರಾಮದುರ್ಗದ ಕಡೆ ತಿರುಗುವಾಗ ಅವ್ವ ಯಲ್ಲಮ್ಮನ ಗುಡ್ಡದ ಕಡೆ ಕೈ ಮುಗಿದಳು. ಅವರ ಅಂಗಳಕ್ಕೆ ಕಾಲಿಡುವಾಗ ಬಚ್ಚಲ ಒಲೆಯ ಹೊಗೆ ಬರುತ್ತಿತ್ತು. ಬಾಣಂತಿಗೆ ನೀರು ಹಾಕುವ ಹೊತ್ತು. ಅವಳ ಅಜ್ಜಿ, ಅರವತ್ತು ದಾಟಿದ ಗಟ್ಟಿ ಹೆಂಗಸು, ಹಂಡೆಯಿಂದ ಕುದಿಯುವಂಥ ನೀರು ತೋಡಿ ತಂಬಿಗೆಯ ಮೇಲೆ ತಂಬಿಗೆ ಅವಳ ನೆತ್ತಿಯ ಮೇಲೆ ಸುರಿಯುತ್ತಿದ್ದಳು. ಅವ್ವ ಮತ್ತು ನಾನು ಬಚ್ಚಲ ಬಾಗಿಲಲ್ಲಿ ನಿಂತೆವು. ಹೆಂಗಸರು ನಾವು, ನಿಲ್ಲಬಹುದಿತ್ತು.

ನೀರು ಅವಳ ತಲೆಯ ಮೇಲೆ, ಮುಖದ ಮೇಲೆ, ಬಾಯಿಯೊಳಗೆ ಧಾರೆಯಾಗಿ ಇಳಿಯುತ್ತಿತ್ತು. ಅವಳು ಹಿಂಜರಿಯಲಿಲ್ಲ, ಗಂಟಲು ಹಿಡಿದುಕೊಳ್ಳಲಿಲ್ಲ. ಕಣ್ಣು ಮುಚ್ಚಿ ಮುಖವನ್ನೇ ನೀರಿಗೆ ಒಡ್ಡಿದಳು.

"ಸಾಕೇನ ಮಗಳ?" ಎಂದಳು ಅಜ್ಜಿ.

"ಇನ್ನೊಂದು ಹಾಕ ಬೇ," ಎಂದಳು ವೈನಿ. "ಇನ್ನೊಂದು."

ಅವ್ವ ನನ್ನ ತೋಳು ಹಿಡಿದುಕೊಂಡಳು. ಹಂಡೆ ಖಾಲಿಯಾಗುವವರೆಗೂ ಬಿಡಲಿಲ್ಲ.

ವರ್ಷ ದಾಟುವವರೆಗೂ ಎಚ್ಚರದಿಂದಿರಿ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಇನ್ನೂ ಅರ್ಧ ವರ್ಷವೂ ಆಗಿರಲಿಲ್ಲ. ಈಗಲೂ ನಾನು ಯಾರ ಮನೆಯಲ್ಲಾದರೂ ಬಚ್ಚಲ ಒಲೆ ಕಂಡರೆ, ಅದರ ಬಾಯಿಗೆ ಕಟ್ಟಿಗೆಯಿಂದ ಎರಡು ಸಲ ಬಡಿದು ನೋಡುತ್ತೇನೆ. ಆದರೂ ತೊಟ್ಟಿಲ ದಿನದ ಆ ರಾತ್ರಿ, ಉಂಡು ಚಾಪೆಯ ಮೇಲೆ ಅಡ್ಡಾದ ನಾವು ಯಾರೂ ಬೆಳಗಿನವರೆಗೆ ಅಲುಗಲಿಲ್ಲ. ಕೂಸು ರಾತ್ರಿ ಮೂರು ಸಲ ಎದ್ದು ಇಡೀ ಓಣಿಗೆ ಕೇಳುವಂತೆ ಅತ್ತಿತಂತೆ. ಬೆಳಗ್ಗೆ ವೈನಿಯ ಅಜ್ಜಿ ಹೇಳಿದಾಗಲೇ ನಮಗೆ ಗೊತ್ತಾದದ್ದು.